ಗಡಿಗೆಯ ಬೀಜ



ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯವರು. ನಿಮ್ಮ ಮುಂದೆ ಬೀಜದ ಮಾತು ಆಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಆಡಬೇಕಾಗಿದೆ. ಹಿಂದೆ ಬೀಜ ಅಡುಗೆಮನೆಯ ಅಟ್ಟದ ಮೇಲಿರುತ್ತಿತ್ತು. ಈಗ ಅದು ಪೇಟೆಯ ಅಂಗಡಿಯಲ್ಲಿದೆ. ಅಟ್ಟದಿಂದ ಅಂಗಡಿಗೆ ಹೋಗುವಾಗ ದಾರಿಯಲ್ಲಿ ಏನೇನು ಕಳೆದುಹೋಯಿತು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ನಮ್ಮ ಜೋಳವನ್ನೇ ತೆಗೆದುಕೊಳ್ಳೋಣ. ಪೇಟೆಯವರಿಗೆ ಜೋಳವೆಂದರೆ ಒಂದೇ ಜೋಳ. ನಮ್ಮ ತಾಯಂದಿರಿಗೆ ಹಾಗಲ್ಲ. ರೊಟ್ಟಿಗೆ ಒಂದು ಜೋಳ, ಕಡಬಿಗೆ ಒಂದು ಜೋಳ. ನಾಗರಪಂಚಮಿಗೆ ಅರಳು ಹುರಿಯಲು ಅಳ್ಳಿನ ಜೋಳವೇ ಆಗಬೇಕು. ಬೇರೆಯದನ್ನು ಹುರಿದರೆ ಹೊತ್ತುತ್ತದೆಯೇ ಹೊರತು ಅರಳುವುದಿಲ್ಲ. ಎಳೆಯ ತೆನೆಯನ್ನು ಸುಟ್ಟು, ತಿಕ್ಕಿ, ಬೆಲ್ಲದ ಸಂಗಡ ತಿನ್ನುವ ಸೀತನಿಗೆ ಸಕ್ಕರಿ ಮುಕ್ಕರಿ ಜೋಳ. ಇವುಗಳನ್ನು ಆರಿಸಿದವರು ಯಾರು? ಯಾವ ಕಾಲೇಜಿನಲ್ಲೂ ಓದದ ಒಕ್ಕಲಿಗರು, ಅವರ ಹೆಂಡಂದಿರು. ನಾಲಿಗೆಯೇ ಅವರ ಪ್ರಯೋಗಶಾಲೆ. ಹಬ್ಬವೇ ಅವರ ಪರೀಕ್ಷೆಯ ದಿನ.

ಆ ಆರಿಸುವ ಕ್ರಮವನ್ನು ಸ್ವಲ್ಪ ನೆನಪಿಸಿಕೊಳ್ಳಿ. ರಾಶಿಯಾದ ಮೇಲೆ ಗುಡ್ಡೆಯಿಂದ ಬೀಜ ತೆಗೆಯುತ್ತಿರಲಿಲ್ಲ. ಬೆಳೆ ನಿಂತಿರುವಾಗಲೇ ಹೊಲಕ್ಕೆ ಹೋಗುತ್ತಿದ್ದರು. ಬದುವಿನ ಪಕ್ಕದ ತೆನೆಯನ್ನು ಬಿಟ್ಟು ಹೊಲದ ನಡುವಿನ ತೆನೆ ಹಿಡಿಯುತ್ತಿದ್ದರು. ಏಕೆ? ಜೋಳದ ಹೂ ಹೆಚ್ಚಾಗಿ ತನ್ನಲ್ಲಿಯೇ ಕಾಯಿಗಟ್ಟುತ್ತದೆ. ಆದರೂ ಗಾಳಿಯಲ್ಲಿ ಪಕ್ಕದ ಹೊಲದ ಹೂಪುಡಿ ಸ್ವಲ್ಪ ಬಂದು ಬೆರೆಯುತ್ತದೆ. ಅಂಚಿನಲ್ಲಿ ಬೆರಕೆ ಹೆಚ್ಚು, ನಡುವೆ ಕಡಿಮೆ. ಹುಳು ಬೀಳದ, ನೀರು ಕಡಿಮೆಯಾದರೂ ಕಾಳು ತುಂಬಿಕೊಂಡ ತೆನೆಗೆ ಗುರುತು ಕಟ್ಟುತ್ತಿದ್ದರು. ಒಣಗಿಸಿ ಒಲೆಯ ಹೊಗೆ ತಾಗುವಲ್ಲಿ ತೂಗುಹಾಕುತ್ತಿದ್ದರು, ಇಲ್ಲವೆ ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಸಾರಿಸುತ್ತಿದ್ದರು. ಉಣ್ಣುವ ಜೋಳ ಹಗೇವಿಗೆ, ಬಿತ್ತುವ ಜೋಳ ಗಡಿಗೆಗೆ. ಎಂಥ ಬರ ಬಂದರೂ ಆ ಗಡಿಗೆಗೆ ಕೈ ಹಾಕುವಂತಿರಲಿಲ್ಲ. ಮನೆಯ ಯಜಮಾನ ಗಂಡಸೇ ಇರಬಹುದು, ಗಡಿಗೆಯ ಯಜಮಾನಿ ಮಾತ್ರ ಹೆಂಗಸು!

ಆಮೇಲೆ ಹೈಬ್ರಿಡ್ ಬಂತು. ಅದನ್ನು ಬಯ್ಯುವುದಕ್ಕೆ ನಾವು ಬಂದಿಲ್ಲ. 1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ, ಸಿ.ಎಸ್.ಎಚ್.-1, ಬಿಡುಗಡೆಯಾಯಿತು. ಪರದೇಶದ ಹಡಗಿನಲ್ಲಿ ಬರುವ ಗೋಧಿಗೆ ದೇಶ ಕಾದು ಕುಳಿತಿದ್ದ ಕಾಲ ಅದು. ಮುಂಗಾರಿ ಹೊಲಗಳಲ್ಲಿ ಹೈಬ್ರಿಡ್ ರಾಶಿಯನ್ನು ಹೆಚ್ಚಿಸಿತು, ಹಸಿದವರ ಹೊಟ್ಟೆಗೆ ಅನ್ನವಾಯಿತು. ಉಪಕಾರವನ್ನು ಮರೆಯಬಾರದು. ಆದರೆ ಅದರ ಗುಣವೊಂದನ್ನು ತಿಳಿದಿರಬೇಕು. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯಲ್ಲಿ ಇರುವ ಹುರುಪು ಎರಡನೆಯದರಲ್ಲಿ ಉಳಿಯುವುದಿಲ್ಲ. ಕಾಳು ಎತ್ತಿಟ್ಟು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ, ಒಂದು ತಡ. ಆದ್ದರಿಂದ ವರ್ಷ ವರ್ಷವೂ ಕೊಳ್ಳಲೇಬೇಕು. ಅಲ್ಲಿಗೆ ಗಡಿಗೆ ಖಾಲಿಯಾಯಿತು.

ಹಿಂಗಾರಿಯಲ್ಲಿ ಮಾತ್ರ ಕಥೆ ಬೇರೆಯಾಯಿತು, ನೋಡಿ. ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಯ ಎರೆಹೊಲದಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಜೋಳಕ್ಕೆ ಮುಂದೆ ಮಳೆಯ ಭರವಸೆಯಿಲ್ಲ. ಮಣ್ಣು ಹೊಟ್ಟೆಯಲ್ಲಿ ಇಟ್ಟುಕೊಂಡ ಹಸಿ ಎಷ್ಟೋ ಅಷ್ಟರಲ್ಲಿಯೇ ಬೆಳೆ ಏಳಬೇಕು. ಇಲ್ಲಿ ಮಾಲದಂಡಿಯನ್ನು ಸೋಲಿಸುವುದು ಹೈಬ್ರಿಡ್‌ಗೆ ಆಗಲಿಲ್ಲ. ಎಂ-35-1 ಎಂದು ಕಾಗದದಲ್ಲಿ ಬರೆಯುತ್ತಾರಲ್ಲ, ಅದೇ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ರೈತರ ನಾಡಜೋಳದಿಂದಲೇ ಆರಿಸಿದ ತಳಿ. ಸುಮಾರು ತೊಂಬತ್ತು ವರ್ಷವಾಯಿತು, ಇಂದಿಗೂ ಬಿತ್ತುತ್ತಿದ್ದೇವೆ. ಮುತ್ತಿನಂಥ ಬಿಳಿ ಕಾಳು, ಮೆತ್ತನೆಯ ರೊಟ್ಟಿ, ದನ ಪ್ರೀತಿಯಿಂದ ತಿನ್ನುವ ಕಣಿಕೆ. ರೈತ ಕಾಳನ್ನಷ್ಟೇ ತೂಗುವುದಿಲ್ಲ, ಎತ್ತಿನ ಹೊಟ್ಟೆಯನ್ನೂ ತೂಗುತ್ತಾನೆ. ಪಂಡಿತರ ತಕ್ಕಡಿಯಲ್ಲಿ ಎಷ್ಟೋ ದಿನ ಕಣಿಕೆಗೆ ಜಾಗವೇ ಇರಲಿಲ್ಲ.

ಈಗ ಹೈಬ್ರಿಡ್‌ಗಿಂತ ದೊಡ್ಡ ಪ್ರತಿಸ್ಪರ್ಧಿ ಬಂದಿದೆ. ಎಲ್ಲಿಯೂ ಕಡಲೆ, ನೀರು ಬಂದಲ್ಲಿ ಕಬ್ಬು. ರೈತನದು ತಪ್ಪೇ? ಜೋಳವನ್ನು ಕೀಳಬೇಕು, ತೆನೆ ಮುರಿಯಬೇಕು, ಆಳು ಸಿಗುವುದಿಲ್ಲ. 2024-25ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್ ಜೋಳಕ್ಕೆ 3,371 ರೂಪಾಯಿ, ಮಾಲದಂಡಿಗೆ 3,421. ಅಂತರ ಐವತ್ತು ರೂಪಾಯಿ! ಪರಂಪರೆಯ ಬೆಲೆ ಕ್ವಿಂಟಲಿಗೆ ಐವತ್ತು ರೂಪಾಯಿ. ಮೂರೆಕರೆಯ ರೈತನಿಗೆ ‘ನೀನು ತಳಿ ಉಳಿಸು’ ಎಂದು ಉಪದೇಶ ಮಾಡುವುದು ಸುಲಭ. ಮಗಳ ಮದುವೆಯ ಸಾಲ ತೀರಿಸುವವನು ಅವನು, ಉಪದೇಶಿಸಿದವನಲ್ಲ.

ಹಾಗಾದರೆ ತಳಿ ಏಕೆ ಉಳಿಯಬೇಕು? ಅಮೆರಿಕದ ಮಾತು ಕೇಳಿ. 1970ರಲ್ಲಿ ಅಲ್ಲಿಯ ಮೆಕ್ಕೆಜೋಳಕ್ಕೆ ಎಲೆ ಸುಡುವ ರೋಗ ಬಂತು. ಹೊಲ ಸಾವಿರಾರು, ಕಂಪನಿ ಹಲವು, ಹೆಸರು ನೂರಾರು. ಆದರೆ ಹೈಬ್ರಿಡ್ ಬೀಜಗಳಲ್ಲಿ ಬಹುಪಾಲು ಒಂದೇ ತಾಯಿಯ ರಕ್ತದವು. ತಾಯಿಗಿದ್ದ ದೌರ್ಬಲ್ಯ ಎಲ್ಲ ಮಕ್ಕಳಿಗೂ ಬಂದಿತ್ತು. ದೇಶದ ಬೆಳೆಯಲ್ಲಿ ನೂರಕ್ಕೆ ಹದಿನೈದು ಪಾಲು ಒಂದೇ ವರ್ಷದಲ್ಲಿ ಹೋಯಿತು. ಬೇರೆ ರಕ್ತದ ಬೀಜ ಕೈಯಲ್ಲಿದ್ದುದರಿಂದ ಚೇತರಿಸಿಕೊಂಡರು. ಇಲ್ಲದಿದ್ದರೆ?

ಇನ್ನೊಂದು ಸಂಗತಿ. ರಷ್ಯಾದ ಲೆನಿನ್‌ಗ್ರಾಡ್ ನಗರದಲ್ಲಿ ನಿಕೊಲಾಯ್ ವಾವಿಲೋವ್ ಎಂಬ ವಿಜ್ಞಾನಿ ಲೋಕವನ್ನೆಲ್ಲ ಸುತ್ತಿ ಬೀಜಗಳನ್ನು ಸಂಗ್ರಹಿಸಿಟ್ಟಿದ್ದ. 1941ರಲ್ಲಿ ಜರ್ಮನ್ ಸೈನ್ಯ ಆ ನಗರಕ್ಕೆ ಮುತ್ತಿಗೆ ಹಾಕಿತು. 1944ರವರೆಗೆ ಸಡಿಲಲಿಲ್ಲ. ಊರಿಗೆ ಊರೇ ಹಸಿವಿನಿಂದ ಸಾಯುತ್ತಿದೆ. ಆ ಕಟ್ಟಡದ ಒಳಗೆ ಚೀಲ ಚೀಲ ಅಕ್ಕಿ, ಗೋಧಿ, ಕಡಲೆಕಾಯಿ. ಕಾವಲಿದ್ದ ವಿಜ್ಞಾನಿಗಳು ಅದನ್ನು ಮುಟ್ಟಲಿಲ್ಲ. ಬತ್ತದ ಸಂಗ್ರಹವನ್ನು ಕಾಯುತ್ತಿದ್ದ ದ್ಮಿತ್ರಿ ಇವಾನೋವ್ ಬತ್ತದ ಚೀಲಗಳ ನಡುವೆಯೇ ಹಸಿವಿನಿಂದ ಪ್ರಾಣ ಬಿಟ್ಟ. ವಾವಿಲೋವನ ಗತಿ ಇನ್ನೂ ದಾರುಣ. ಅವನನ್ನು ಅವನ ಸರ್ಕಾರವೇ ಸೆರೆಯಲ್ಲಿಟ್ಟಿತ್ತು; 1943ರಲ್ಲಿ ಸಾರಾತೋವ್ ಜೈಲಿನಲ್ಲಿ ತೀರಿಕೊಂಡ. ಗಡಿಗೆಗೆ ಕೈ ಹಾಕದ ನಮ್ಮ ಅಜ್ಜಿಯರಿಗೂ ಆ ಇವಾನೋವನಿಗೂ ಯಾವ ಪರಿಚಯ? ಆದರೂ ಒಂದೇ ಮನೆಯವರ ಹಾಗೆ ಕಾಣುತ್ತಾರೆ.

‘ಸ್ವಾಮಿಗಳೇ, ಸರ್ಕಾರದ ಬೀಜ ಭಂಡಾರ ಇದೆಯಲ್ಲ’ ಎಂದು ಕೆಲವರು ಕೇಳುತ್ತಾರೆ. ಇದೆ, ಒಳ್ಳೆಯದೇ. ದೆಹಲಿಯಲ್ಲಿ 1976ರಿಂದ ಅದಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಅಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಬೀಜಗಳನ್ನು ಕಾಪಿಡುತ್ತಾರೆ. ಆದರೆ ಅಲ್ಲಿಯ ಬೀಜ ನಿದ್ರೆಯಲ್ಲಿದೆ. ಈ ವರ್ಷದ ಬಿಸಿಲು, ಈ ವರ್ಷದ ಹುಳು ಅದಕ್ಕೆ ಗೊತ್ತಿಲ್ಲ. ಹೊಲದ ಬೀಜ ಮಾತ್ರ ಪ್ರತಿ ವರ್ಷ ಪಾಠ ಕಲಿಯುತ್ತದೆ. ಎರಡೂ ಬೇಕು.

ಇದಕ್ಕೆ ನೂರೆಕರೆಯೂ ಬೇಕಿಲ್ಲ. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ಚೀಲಗಳಲ್ಲಿ ಮಣ್ಣು ತುಂಬಿ ಬತ್ತ ಬೆಳೆದು 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದರು. 2024ರಲ್ಲಿ ಪದ್ಮಶ್ರೀ ಅವರ ಮನೆ ಹುಡುಕಿಕೊಂಡು ಬಂತು. ಕಾನೂನೂ ನಿಮ್ಮ ಪರವಾಗಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ನೀವು ಬೆಳೆದ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಕಂಪನಿಯ ಮುದ್ರೆಯೊತ್ತಿ ಮಾತ್ರ ಮಾರಬಾರದು. ಯಾರಾದರೂ ಹೆದರಿಸಿದರೆ ಹೆದರಬೇಡಿ.

ಇಡೀ ಹೊಲಕ್ಕೆ ಹಳೆಯ ಬೀಜ ಹಾಕಿರೆಂದು ನಾವು ಹೇಳುವುದಿಲ್ಲ. ಹೊಲದ ನಡುವೆ ಹತ್ತು ಸಾಲು ಬಿಡಿ. ಪೇಟೆಯಲ್ಲಿರುವವರು ಆ ಹತ್ತು ಸಾಲಿನ ಜೋಳವನ್ನು ಚೌಕಾಸಿ ಮಾಡದೆ ಕೊಳ್ಳಿರಿ. ಉಣ್ಣುವವನು ಕೈಬಿಟ್ಟರೆ ಬಿತ್ತುವವನು ಎಷ್ಟು ದಿನ ಹಿಡಿದಾನು? ನಿಮ್ಮಲ್ಲಿ ಅಳ್ಳಿನ ಜೋಳ, ಸೀತನಿ ಜೋಳ, ಜವೆ ಗೋಧಿ, ಯಾವುದೇ ಇರಲಿ, ಮುಂದಿನ ಹುಣ್ಣಿಮೆಗೆ ಬರುವಾಗ ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬನ್ನಿರಿ. ಚೀಟಿಯಲ್ಲಿ ಊರು, ಬಿತ್ತುವ ತಿಂಗಳು, ಎಂಥ ಮಣ್ಣು ಎಂದು ಬರೆದಿರಲಿ. ಇಲ್ಲದವರು ಇದ್ದವರಿಂದ ಪಡೆದು, ಬರುವ ವರ್ಷ ಎರಡು ಹಿಡಿ ತಂದುಕೊಡಿರಿ. ಬೀಜದ ಹೆಸರು ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಯನ್ನು ಕೇಳಿ ಬರೆಸಿಕೊಂಡು ಬನ್ನಿರಿ. ಅವಳು ಇರುವಾಗಲೇ ಕೇಳಿರಿ.