ಹೊನ್ನು, ಹಸಿವು, ನಗೆ

ಈ ಸಂಜೆ ನಮ್ಮ ಪಾಲಿಗೆ ಬಂದಿರುವ ಕೆಲಸ ಸ್ವಲ್ಪ ವಿಚಿತ್ರವಾದುದು. ಮಾತಿಲ್ಲದ ಚಿತ್ರವೊಂದನ್ನು ಕುರಿತು ಚಿತ್ರವಿಲ್ಲದ ಮಾತುಗಳನ್ನು ನಾವು ಆಡಬೇಕಾಗಿದೆ. ಚಾರ್ಲಿ ಚಾಪ್ಲಿನ್ ೧೯೨೫ರಲ್ಲಿ ಹೊರತಂದ ‘ದಿ ಗೋಲ್ಡ್ ರಷ್’ ಎಂಬ ಮೂಕಚಿತ್ರವೇ ನಮ್ಮ ವಿಷಯ. ಹೊನ್ನಿಗಾಗಿ ಜನ ಹುಚ್ಚೆದ್ದು ಓಡಿದ ಕಾಲದಲ್ಲಿ, ಹಿಮ ಮುಚ್ಚಿದ ನಾಡೊಂದರಲ್ಲಿ, ಒಬ್ಬ ನಿರ್ಗತಿಕನಿಗೆ ಒಬ್ಬ ನರ್ತಕಿಯಲ್ಲಿ ಹುಟ್ಟಿದ ಪ್ರೇಮದ ಕಥೆ ಅದು. ಅದನ್ನು ನೋಡಿದವರು ನಕ್ಕೇ ಇರುತ್ತಾರೆ. ನೋಡದವರಿಗೆ ಆ ನಗೆಯನ್ನು ಬಾಯಿಮಾತಿನಲ್ಲಿ ವಿವರಿಸುವುದೆಂದರೆ ಸಕ್ಕರೆಯ ಸವಿಯನ್ನು ಅದರ ತೂಕ ಹೇಳಿ ತಿಳಿಸಿದಂತಾದೀತು. ಆದಕಾರಣ ನಗಿಸುವ ಸಾಹಸಕ್ಕೆ ನಾವು ಕೈ ಹಾಕುವುದಿಲ್ಲ. ಆ ನಗೆಯ ಬೇರು ಯಾವ ನೆಲದಲ್ಲಿ ಇಳಿದಿದೆ ಎಂಬುದನ್ನು ಮಾತ್ರ ವಿಚಾರಿಸೋಣ.

ಮೊದಲು ನೆಲದ ವಿಷಯವನ್ನೇ ನೋಡೋಣ. ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ ಯೂಕಾನ್ ಎಂಬ ಪ್ರಾಂತ್ಯವುಂಟು. ಅಲ್ಲಿಯ ಕ್ಲಾಂಡೈಕ್ ಎಂಬ ಹೊಳೆಗೆ ಬಂದು ಕೂಡುವ ಸಣ್ಣ ತೊರೆಯೊಂದರಲ್ಲಿ ೧೮೯೬ನೆಯ ಆಗಸ್ಟ್ ತಿಂಗಳಲ್ಲಿ ಚಿನ್ನ ಕಾಣಿಸಿತು. ನಮ್ಮ ನಾಡಿನ ಜಲಗಾರರು ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ಆರಿಸುತ್ತಿದ್ದರಷ್ಟೆ. ಅದು ಆ ಬಗೆಯ ಚಿನ್ನ. ಹೆಪ್ಪುಗಟ್ಟಿದ ನೆಲವನ್ನು ಬೆಂಕಿ ಹಾಕಿ ಮೆತ್ತಗೆ ಮಾಡಿ, ಜಲ್ಲಿಯನ್ನು ಮೇಲಕ್ಕೆತ್ತಿ, ನೀರಿನಲ್ಲಿ ಜಾಲಿಸಬೇಕು. ಇದಕ್ಕೆ ದೊಡ್ಡ ಕಂಪೆನಿ ಬೇಡ, ಭಾರಿ ಯಂತ್ರ ಬೇಡ. ಒಂದು ಸಲಿಕೆ, ಒಂದು ಬೋಗುಣಿ, ಎರಡು ತೋಳು ಇದ್ದರೆ ಸಾಕು ಎಂದು ಜನ ತಿಳಿದರು. ಬಡವನಿಗೂ ಎಟುಕುವ ಚಿನ್ನವೆಂಬ ಈ ನಂಬಿಕೆಯೇ ಮುಂದಿನ ಅನರ್ಥಕ್ಕೆಲ್ಲ ಮೂಲವಾಯಿತು.

ಮರುವರ್ಷ ಜುಲೈ ತಿಂಗಳಲ್ಲಿ ಚಿನ್ನ ಹೊತ್ತ ಎರಡು ಹಡಗುಗಳು ಅಮೆರಿಕದ ಪಶ್ಚಿಮ ತೀರಕ್ಕೆ ಬಂದವು. ಒಂದು ಸ್ಯಾನ್ ಫ್ರಾನ್ಸಿಸ್ಕೋ ಬಂದರಿಗೆ, ಇನ್ನೊಂದು ಸಿಯಾಟಲ್ ಬಂದರಿಗೆ. ೧೮೯೩ರಲ್ಲಿ ಬ್ಯಾಂಕುಗಳು ಮುರಿದುಬಿದ್ದಂದಿನಿಂದ ಆ ದೇಶದಲ್ಲಿ ಕೆಲಸವಿಲ್ಲದೆ ಜನ ಕಂಗಾಲಾಗಿದ್ದರು. ಸುದ್ದಿ ಹಬ್ಬಿದ್ದೇ ತಡ, ಗುಮಾಸ್ತರು ಲೇಖಣಿ ಕೆಳಗಿಟ್ಟರು, ಅಂಗಡಿಯವರು ಬಾಗಿಲು ಹಾಕಿದರು, ಉಪಾಧ್ಯಾಯರು ಶಾಲೆ ಬಿಟ್ಟರು. ಸುಮಾರು ೧,೦೦,೦೦೦ ಜನ ಹೊರಟರೆಂದು ಅಂದಾಜು. ದಾರಿಯಲ್ಲಿ ಚಿಲ್ಕೂಟ್ ಎಂಬ ಕಡಿದಾದ ಕಣಿವೆ. ಒಂದು ವರ್ಷಕ್ಕೆ ಸಾಲುವಷ್ಟು ಆಹಾರವಿಲ್ಲದವನನ್ನು ಕೆನಡಾದ ಪೋಲೀಸರು ಗಡಿಯೊಳಕ್ಕೆ ಬಿಡುತ್ತಿರಲಿಲ್ಲ. ಸಲಕರಣೆಗಳೂ ಸೇರಿ ಒಬ್ಬೊಬ್ಬನ ಹೊರೆ ಸುಮಾರು ಒಂದು ಟನ್ ಆಗುತ್ತಿತ್ತು. ಕೂಲಿ ಕೊಡಲಾರದವನು ಅಷ್ಟನ್ನೂ ಬೆನ್ನ ಮೇಲೆ ಹೊತ್ತು, ಮಂಜುಗಡ್ಡೆಯಲ್ಲಿ ಕಡಿದ ಮೆಟ್ಟಲುಗಳನ್ನು ಹತ್ತಿ, ಮತ್ತೆ ಕೆಳಗಿಳಿದು, ಮತ್ತೆ ಹತ್ತಿ, ಹತ್ತಾರು ಸಲ ಸಾಗಿಸಬೇಕಾಗಿತ್ತು. ೧೮೯೮ನೆಯ ಏಪ್ರಿಲ್ ತಿಂಗಳಲ್ಲಿ ಹಿಮದ ರಾಶಿ ಜರಿದುಬಿದ್ದು ಆ ದಾರಿಯಲ್ಲಿ ೬೦ಕ್ಕಿಂತ ಹೆಚ್ಚು ಮಂದಿ ಸತ್ತರು. ಉಳಿದವರು ಹೋಗಿ ಸೇರುವ ವೇಳೆಗೆ ಒಳ್ಳೆಯ ನೆಲವೆಲ್ಲ ಮೊದಲು ಬಂದವರ ವಶವಾಗಿತ್ತು. ಹೊರಟ ಲಕ್ಷ ಜನರಲ್ಲಿ ಚಿನ್ನ ಕಂಡವರು ಸುಮಾರು ೪,೦೦೦. ಶ್ರೀಮಂತರಾದವರು ಅವರಲ್ಲಿಯೂ ಕೆಲವೇ ಮಂದಿ.

ಆ ಕಣಿವೆಯನ್ನು ಇರುವೆಸಾಲಿನಂತೆ ಹತ್ತುತ್ತಿರುವ ಜನರ ಛಾಯಾಚಿತ್ರಗಳನ್ನು ಚಾಪ್ಲಿನ್ ತನ್ನ ಮಿತ್ರ ಡಗ್ಲಸ್ ಫೇರ್‌ಬ್ಯಾಂಕ್ಸನ ಮನೆಯಲ್ಲಿ ನೋಡಿದ. ಅದೇ ಸುಮಾರಿಗೆ ಅವನು ಡಾನರ್ ತಂಡದವರ ದುರಂತವನ್ನು ಕುರಿತ ಪುಸ್ತಕವೊಂದನ್ನೂ ಓದಿದ. ೧೮೪೬ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಗಾಡಿ ಕಟ್ಟಿಕೊಂಡು ಹೊರಟ ೮೦ಕ್ಕೂ ಹೆಚ್ಚು ಜನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಿಮಕ್ಕೆ ಸಿಕ್ಕಿಬಿದ್ದರು. ಅವರು ತೊಗಲನ್ನು ಬೇಯಿಸಿ ತಿಂದರು. ಅದೂ ತೀರಿದ ಮೇಲೆ ಕೆಲವರು ಸತ್ತವರ ಮಾಂಸವನ್ನೇ ತಿನ್ನಬೇಕಾಯಿತು. ಇದನ್ನು ಓದಿದವನಿಗೆ ಹಾಸ್ಯಚಿತ್ರ ತೆಗೆಯುವ ಆಲೋಚನೆ ಬಂತೆಂದರೆ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ಚಾಪ್ಲಿನ್ನನಿಗೆ ಹಸಿವು ಪುಸ್ತಕದಿಂದ ಬಂದ ತಿಳುವಳಿಕೆಯಾಗಿರಲಿಲ್ಲ. ಅವನು ೧೮೮೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಕ್ಲಾಂಡೈಕಿನಲ್ಲಿ ಹೊನ್ನು ಕಂಡ ಆ ೧೮೯೬ನೆಯ ಇಸವಿಯಲ್ಲಿಯೇ, ಅದಕ್ಕೆ ಕೆಲವೇ ತಿಂಗಳು ಮೊದಲು, ಏಳು ವರ್ಷದ ಆ ಹುಡುಗ ತಾಯಿಯೊಡನೆ, ಅಣ್ಣನೊಡನೆ, ದಿಕ್ಕಿಲ್ಲದ ಬಡವರನ್ನು ಇರಿಸಿಕೊಂಡು ದುಡಿಸುವ ಲ್ಯಾಂಬೆತ್ ವರ್ಕ್‌ಹೌಸಿಗೆ ಸೇರಿದ್ದ. ಲಕ್ಷ ಜನ ಹೊನ್ನಿನ ಕನಸು ಕಾಣುತ್ತಿದ್ದ ಕಾಲದಲ್ಲಿ ಅವನ ಮುಂದೆ ಇದ್ದುದು ತುತ್ತು ಅನ್ನದ ಪ್ರಶ್ನೆ.

ಈಗ ಕಥೆಗೆ ಬರೋಣ. ಚಿತ್ರದ ನಾಯಕನಿಗೆ ಹೆಸರಿಲ್ಲ. ಅವನೊಬ್ಬ ಒಂಟಿ ಅಲೆಮಾರಿ. ದುಂಡು ಟೋಪಿ, ಬಿಗಿಯಾದ ಕೋಟು, ದೊಗಳೆ ಷರಾಯಿ, ಕೈಯಲ್ಲೊಂದು ಬೆತ್ತ. ಸಂಜೆ ಹೊತ್ತು ಪೇಟೆ ಬೀದಿಯಲ್ಲಿ ಅಡ್ಡಾಡುವವನ ಠೀವಿಯಲ್ಲಿ ಅವನು ಪ್ರಪಾತದ ಅಂಚಿನಲ್ಲಿ ನಡೆದುಬರುತ್ತಾನೆ. ಹಿಂದೆ ಕರಡಿಯೊಂದು ಬರುತ್ತಿರುವುದು ಅವನಿಗೆ ತಿಳಿಯದು. ಬಿರುಗಾಳಿ ಬೀಸಿ ಅವನೂ ಬಿಗ್ ಜಿಮ್ ಎಂಬ ದೈತ್ಯದೇಹದ ಹೊನ್ನಾನ್ವೇಷಿಯೂ ಒಂದೇ ಗುಡಿಸಲಿನಲ್ಲಿ ಸೆರೆಯಾಗುತ್ತಾರೆ. ಹೊರಗೆ ಹಿಮ, ಒಳಗೆ ಹಸಿವು. ಕೊನೆಗೆ ಅಲೆಮಾರಿ ತನ್ನ ಒಂದು ಕಾಲಿನ ಬೂಟನ್ನೇ ಬೇಯಿಸುತ್ತಾನೆ. ಬೆಂದಿದೆಯೇ ಎಂದು ಮುಳ್ಳುಚಮಚದಿಂದ ಚುಚ್ಚಿ ನೋಡುತ್ತಾನೆ, ತಟ್ಟೆಗೆ ಹಾಕಿ ಮೇಲೆ ಸಾರು ಹುಯ್ಯುತ್ತಾನೆ, ಬೂಟಿನ ದಾರವನ್ನು ಶ್ಯಾವಿಗೆಯಂತೆ ಸುತ್ತಿ ಬಾಯಿಗಿಡುತ್ತಾನೆ, ಮೊಳೆಗಳನ್ನು ಮೂಳೆ ಚೀಪಿದಂತೆ ಚೀಪುತ್ತಾನೆ. ಚಿತ್ರೀಕರಣಕ್ಕಾಗಿ ಆ ಬೂಟನ್ನು ಅತಿಮಧುರದ ಮಿಠಾಯಿಯಿಂದ ಮಾಡಿಸಿದ್ದರು. ಮುಂದೆ ಹಸಿವಿನ ಭ್ರಾಂತಿಯಲ್ಲಿ ಜಿಮ್ಮನ ಕಣ್ಣಿಗೆ ಗೆಳೆಯನೇ ಆಳೆತ್ತರದ ಕೋಳಿಯಾಗಿ ಕಾಣುತ್ತಾನೆ. ಅವನು ಬಂದೂಕು ಹಿಡಿದು ಬೆನ್ನಟ್ಟುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆದರೆ ಆ ಕೋಳಿಯ ಹಿಂದೆ ಡಾನರ್ ತಂಡದ ಚಳಿಗಾಲ ನಿಂತಿದೆ ಎಂಬುದನ್ನು ಬಲ್ಲವರ ನಗು ಅರ್ಧದಲ್ಲಿ ತಡೆಯುತ್ತದೆ.

ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆಂದು ಭರತನ ಮತ. ಕರುಣವೂ ಭಯಾನಕವೂ ಹಾಸ್ಯಕ್ಕೆ ವಿರೋಧಿಗಳೆಂದು ಅನಂತರದ ಅಲಂಕಾರಿಕರು ಎಣಿಸಿದರು. ಚಾಪ್ಲಿನ್ ಈ ಎರಡನೆಯ ಮಾತನ್ನು ಪರೀಕ್ಷೆಗೆ ಗುರಿಮಾಡಿದನೆನ್ನಬಹುದು. ಬೂಟು ತಿನ್ನುವವನು ತಾನು ಬೂಟು ತಿನ್ನುತ್ತಿದ್ದೇನೆಂದು ಒಪ್ಪಿಕೊಂಡು ಗೋಳಾಡಿದ್ದರೆ ನಮಗೆ ಮರುಕ ಬರುತ್ತಿತ್ತು, ನಗೆ ಬರುತ್ತಿರಲಿಲ್ಲ. ಅವನು ದೊಡ್ಡ ಮನುಷ್ಯರ ಪಂಕ್ತಿಯಲ್ಲಿ ಕುಳಿತವನಂತೆ, ಊಟದ ಮರ್ಯಾದೆಯಲ್ಲಿ ಒಂದಿಷ್ಟೂ ಲೋಪ ಬಾರದಂತೆ, ಅದನ್ನು ಸವಿಯುತ್ತಾನೆ. ಆ ಮರ್ಯಾದೆಯೇ ನಮ್ಮ ನಗೆಗೆ ಕಾರಣ. ನಕ್ಕ ಮೇಲೆ ಕಣ್ಣು ಒದ್ದೆಯಾಗುವುದಕ್ಕೂ ಅದೇ ಕಾರಣ. ಎಲ್ಲವನ್ನೂ ಕಳೆದುಕೊಂಡವನು ತಾನು ಮನುಷ್ಯನೆಂಬ ಒಂದನ್ನು ಮಾತ್ರ ಬಿಟ್ಟುಕೊಡಲೊಲ್ಲ.

ಇಂಥವನಿಗೆ ಪ್ರೇಮ ಬಂದರೆ ಹೇಗಿರುತ್ತದೆ? ಗಣಿಗಾರರ ಊರಿನ ಕುಣಿತದ ಮನೆಯಲ್ಲಿ ಜಾರ್ಜಿಯಾ ಎಂಬ ತರುಣಿ ಅವನ ಕಡೆ ನೋಡಿ ನಕ್ಕಂತೆ ತೋರುತ್ತದೆ. ಅವನು ಹಿಗ್ಗುತ್ತಾನೆ. ಅವಳು ನಕ್ಕದ್ದು ಅವನ ಬೆನ್ನ ಹಿಂದೆ ನಿಂತವನನ್ನು ನೋಡಿ. ಜ್ಯಾಕ್ ಎಂಬ ಠೀವಿಗಾರನೊಬ್ಬನ ಸೊಕ್ಕು ಮುರಿಯಲು ಅವಳು ಆ ಕೂಟದಲ್ಲೆಲ್ಲ ಅತಿ ದೀನನಾದವನನ್ನು ಹುಡುಕಿ ಅವನೊಡನೆ ಕುಣಿಯುತ್ತಾಳೆ. ನಡುವೆ ಷರಾಯಿ ಜಾರುತ್ತದೆ. ಕೈಗೆ ಸಿಕ್ಕಿದ ಹಗ್ಗವನ್ನು ಅವನು ಸೊಂಟಕ್ಕೆ ಬಿಗಿದುಕೊಳ್ಳುತ್ತಾನೆ. ಹಗ್ಗದ ಇನ್ನೊಂದು ತುದಿಯಲ್ಲಿ ನಾಯಿ! ಆಮೇಲೆ ಅವಳೂ ಅವಳ ಗೆಳತಿಯರೂ ಹೊಸ ವರ್ಷದ ಹಿಂದಿನ ರಾತ್ರಿ ಅವನ ಗುಡಿಸಲಿಗೆ ಊಟಕ್ಕೆ ಬರುತ್ತೇವೆಂದು ಮಾತು ಕೊಡುತ್ತಾರೆ. ಅವರಿಗೆ ಅದು ವಿನೋದ. ಅವನು ಮನೆಮನೆಯ ಬಾಗಿಲಿನ ಹಿಮವನ್ನು ಗೋರಿ, ಗೋರಿದ್ದನ್ನು ಪಕ್ಕದ ಮನೆಯ ಬಾಗಿಲಿಗೆ ಒಟ್ಟಿ, ಅಲ್ಲಿಯೂ ಕೂಲಿ ಸಂಪಾದಿಸಿ, ಹಬ್ಬದ ಅಡಿಗೆ ಮಾಡುತ್ತಾನೆ. ಮೇಜು ಸಿಂಗರಿಸಿ ಕಾದು ಕುಳಿತವನಿಗೆ ಜೊಂಪು ಹತ್ತುತ್ತದೆ. ಕನಸಿನಲ್ಲಿ ಅತಿಥಿಗಳು ಬಂದಿದ್ದಾರೆ. ಅವನು ಎರಡು ಮುಳ್ಳುಚಮಚಗಳಿಗೆ ಎರಡು ಬನ್ನುಗಳನ್ನು ಸಿಕ್ಕಿಸಿ, ಅವು ಪುಟ್ಟ ಕಾಲುಗಳೋ ಎಂಬಂತೆ ಮೇಜಿನ ಮೇಲೆ ಕುಣಿಸುತ್ತಾನೆ. ಲೋಕವೆಲ್ಲ ಕೊಂಡಾಡಿದ ಆ ಕುಣಿತ ಬರಿಯ ಕನಸು. ಎಚ್ಚರಾದಾಗ ಮಧ್ಯರಾತ್ರಿ. ಯಾರೂ ಬಂದಿಲ್ಲ. ದೂರದ ಕುಣಿತದ ಮನೆಯಲ್ಲಿ ಹೊಸ ವರ್ಷದ ಸಂಭ್ರಮ. ಅವನು ಹೋಗಿ ಕಿಟಕಿಯ ಹೊರಗೆ ಹಿಮದಲ್ಲಿ ನಿಂತು ನೋಡುತ್ತಾನೆ.

ಅದೇ ಹೊತ್ತಿಗೆ ಜಾರ್ಜಿಯಾಳಿಗೆ ಕೊಟ್ಟ ಮಾತು ನೆನಪಾಗುತ್ತದೆ. ಇನ್ನಷ್ಟು ತಮಾಷೆ ಮಾಡಬಹುದೆಂದು ಜ್ಯಾಕನನ್ನೂ ಗೆಳತಿಯರನ್ನೂ ಕರೆದುಕೊಂಡು ಅವಳು ಗುಡಿಸಲಿಗೆ ಬರುತ್ತಾಳೆ. ಅಲ್ಲಿ ಸಿಂಗರಿಸಿದ ಮೇಜನ್ನೂ ಮುಟ್ಟದ ಊಟವನ್ನೂ ಕಂಡು ಅವಳ ಮುಖ ಬಾಡುತ್ತದೆ. ಚಿತ್ರದ ಮರ್ಮವೆಲ್ಲ ಈ ಗಳಿಗೆಯಲ್ಲಿದೆಯೆಂದು ನಮ್ಮ ಅಭಿಪ್ರಾಯ. ಅಷ್ಟು ಹೊತ್ತು ಅವಳೊಡನೆ ನಾವೂ ಆ ಬಡವನನ್ನು ನೋಡಿ ನಕ್ಕಿದ್ದೆವಲ್ಲವೆ? ಅವಳಿಗಾದ ನಾಚಿಕೆಯಲ್ಲಿ ನಮಗೂ ಒಂದು ಪಾಲುಂಟು.

ಇನ್ನು ಮುಕ್ತಾಯ. ಜಿಮ್ ಹಿಂದೆಯೇ ಚಿನ್ನದ ಗುಡ್ಡವೊಂದನ್ನು ಕಂಡಿದ್ದ. ತಲೆಗೆ ಪೆಟ್ಟು ಬಿದ್ದು ಅದರ ದಾರಿಯನ್ನು ಮರೆತಿದ್ದ. ಅಲೆಮಾರಿಯ ನೆರವಿನಿಂದ ಹಳೆಯ ಗುಡಿಸಲು ಸಿಗುತ್ತದೆ. ಬಿರುಗಾಳಿ ಅದನ್ನು ಪ್ರಪಾತದ ಅಂಚಿಗೆ ತಳ್ಳುತ್ತದೆ. ಅದು ತೊಟ್ಟಿಲಿನಂತೆ ತೂಗಾಡುತ್ತಿರುವಾಗ ಇಬ್ಬರೂ ಹೇಗೋ ಹಾರಿಕೊಳ್ಳುತ್ತಾರೆ. ಅಲ್ಲಿಯೇ ಚಿನ್ನ! ಇಬ್ಬರೂ ಕೋಟ್ಯಧೀಶರಾಗಿ ಹಡಗು ಹತ್ತುತ್ತಾರೆ. ಕೆಲವು ವಿಮರ್ಶಕರಿಗೆ ಇದು ಸೇರುವುದಿಲ್ಲ. ಬಡವನ ಪ್ರೇಮಕ್ಕೆ ಹಣದ ಬೆಂಬಲ ಕೊಟ್ಟದ್ದು ಸುಲಭದ ಉಪಾಯವೆಂದು ಅವರ ಆಕ್ಷೇಪ. ಇದಕ್ಕೆ ಉತ್ತರ ಚಿತ್ರದಲ್ಲಿಯೇ ಇದೆ. ಪತ್ರಿಕೆಯವರ ಕೋರಿಕೆಯಂತೆ ಅವನು ತನ್ನ ಹಳೆಯ ಚಿಂದಿಯನ್ನು ತೊಟ್ಟು ಛಾಯಾಚಿತ್ರಕ್ಕೆ ನಿಂತಾಗ ಆಯ ತಪ್ಪಿ ಕೆಳಗಿನ ಅಂತಸ್ತಿಗೆ ಬೀಳುತ್ತಾನೆ. ಬಡ ಪ್ರಯಾಣಿಕರ ಆ ಅಂತಸ್ತಿನಲ್ಲಿ ಜಾರ್ಜಿಯಾ ಇದ್ದಾಳೆ. ಟಿಕೇಟಿಲ್ಲದೆ ಕದ್ದು ಹತ್ತಿದವನೊಬ್ಬನನ್ನು ಹಡಗಿನವರು ಹುಡುಕುತ್ತಿರುತ್ತಾರೆ. ಇವನೇ ಅವನೆಂದು ಅವಳು ತಿಳಿಯುತ್ತಾಳೆ. ಕೋಳ ಹಾಕಬೇಡಿರೆಂದು ಬೇಡಿಕೊಂಡು, ಅವನ ಪ್ರಯಾಣದ ಹಣವನ್ನು ತಾನೇ ಕೊಡುತ್ತೇನೆನ್ನುತ್ತಾಳೆ. ಅವನು ಶ್ರೀಮಂತನೆಂಬುದು ಆಮೇಲೆ ತಿಳಿಯುತ್ತದೆ. ಹೊನ್ನಿನ ಸುದ್ದಿ ಕಿವಿಗೆ ಬೀಳುವ ಮೊದಲೇ ಅವಳ ಮನಸ್ಸು ಒರೆಗಲ್ಲಿಗೆ ಬಿದ್ದು ಬಣ್ಣ ತೋರಿಸಿರುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಬೇಕು. ೧೯೪೨ರಲ್ಲಿ ಚಾಪ್ಲಿನ್ ಈ ಚಿತ್ರವನ್ನು ಮೊಟಕುಗೊಳಿಸಿ, ತನ್ನ ದನಿಯಲ್ಲಿಯೇ ಕಥೆ ಹೇಳಿ, ಸಂಗೀತ ಕೂಡಿಸಿ ಮತ್ತೆ ಹೊರತಂದ. ಮೊದಲಿನ ಚಿತ್ರದಲ್ಲಿ ಜಾರ್ಜಿಯಾ ಪ್ರೇಮಪತ್ರ ಬರೆಯುವುದು ಜ್ಯಾಕನಿಗೆ. ಅವನು ಕುಚೋದ್ಯಕ್ಕಾಗಿ ಅದನ್ನು ಅಲೆಮಾರಿಗೆ ಮುಟ್ಟಿಸುತ್ತಾನೆ. ಅದು ತನಗೇ ಬಂದದ್ದೆಂದು ನಂಬಿ ಈ ಹುಚ್ಚ ಆನಂದದಿಂದ ನೆಗೆದಾಡುತ್ತಾನೆ. ಹೊಸದರಲ್ಲಿ ಅವಳು ನೇರವಾಗಿ ಇವನಿಗೇ ಕ್ಷಮೆ ಕೋರಿ ಬರೆಯುತ್ತಾಳೆ. ಕೊನೆಯ ಚುಂಬನವನ್ನೂ ಚಾಪ್ಲಿನ್ ತೆಗೆದುಹಾಕಿದ. ಈ ತಿದ್ದುಪಡಿಯಿಂದ ಜಾರ್ಜಿಯಾಳ ಗುಣ ಹೆಚ್ಚಿತು, ಕಥೆಯ ಬಲ ಕುಗ್ಗಿತು. ತನಗಲ್ಲದ ಪತ್ರವನ್ನು ಎದೆಗೊತ್ತಿಕೊಂಡು ಹೊರಟವನಿಗೆ ಹಡಗಿನಲ್ಲಿ ನಿಜವಾದ ಒಲವು ದೊರಕುವುದರಲ್ಲಿರುವ ಬೆರಗು ಹೊಸದರಲ್ಲಿಲ್ಲ. ಎರಡೂ ದೊರೆಯುವಲ್ಲಿ ನಮ್ಮ ಶ್ರೋತೃಗಳು ಹಳೆಯದನ್ನೇ ಮೊದಲು ನೋಡಲೆಂದು ನಮ್ಮ ಸಲಹೆ.

೨೦೨೫ಕ್ಕೆ ಈ ಚಿತ್ರಕ್ಕೆ ನೂರು ವರ್ಷ ತುಂಬಿತು. ಕ್ಲಾಂಡೈಕಿನ ಚಿನ್ನ ಯಾರ ಯಾರ ಕೈಯಲ್ಲಿ ಏನೇನಾಯಿತೋ, ಬಹುಪಾಲು ಬಂದಂತೆಯೇ ಕರಗಿಹೋಯಿತು. ಹಿಮದಲ್ಲಿ ಬೂಟು ಬೇಯಿಸಿಕೊಂಡು ಉಂಡವನು ಮಾತ್ರ ಉಳಿದಿದ್ದಾನೆ. ಹಡಗಿನ ಮೇಲಂತಸ್ತಿನಲ್ಲಿ ಅವನು ತುಪ್ಪಳದ ಕೋಟಿನ ಮೇಲೆ ಇನ್ನೊಂದು ತುಪ್ಪಳದ ಕೋಟು ತೊಟ್ಟು ನಡೆಯುತ್ತಿರುತ್ತಾನೆ. ಯಾರೋ ಸೇದಿ ಎಸೆದ ಚುಟ್ಟದ ತುಂಡು ಕಣ್ಣಿಗೆ ಬೀಳುತ್ತದೆ. ಕೋಟ್ಯಧೀಶ ಥಟ್ಟನೆ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾನೆ. ಹೊನ್ನು ಬಂದಿತು, ಹಸಿವು ಹೋಯಿತು. ಹಸಿದಿದ್ದ ದಿನಗಳನ್ನು ಆ ಕೈ ಇನ್ನೂ ಮರೆತಿಲ್ಲ.