ಕಾನ್ವೆಂಟ್ ಶಾಲೆಯ ಭಕ್ತಿಸಂಘಗಳು

ಗದಗ-ಬೆಟಗೇರಿಯ ಹಿರಿಯರಿಗೆ ಕ್ರೈಸ್ತರ ಶಾಲೆ ಎಂದೊಡನೆ ನೆನಪಾಗುವುದು ಬಾಸೆಲ್ ಮಿಷನ್. 1841ರಲ್ಲಿ ಬೆಟಗೇರಿಗೆ ಬಂದ ಆ ಮಿಷನ್ ಪ್ರೊಟೆಸ್ಟಂಟರದು. ಅಲ್ಲಿ ಸನ್ಯಾಸಿನಿಯರಿಲ್ಲ, ಮರಿಯಮ್ಮನವರ ಮೂರ್ತಿಯಿಲ್ಲ, ಜಪಸರವಿಲ್ಲ. ಬೈಬಲ್ ಓದು, ಕೀರ್ತನೆ, ಉಪದೇಶ ಇವೇ ಮುಖ್ಯ. ಕಥೋಲಿಕರ ಶಾಲೆಯ ವಾತಾವರಣವೇ ಬೇರೆ. ಆದರೆ ಊರವರ ಬಾಯಲ್ಲಿ ಎರಡೂ 'ಮಿಶನ್ ಸಾಲಿ'. 'ಕಾನ್ವೆಂಟ್' ಎಂಬ ಮಾತಂತೂ ಈಗ ಇಂಗ್ಲಿಷ್ ಕಲಿಸುವ ಯಾವ ಶಾಲೆಗಾದರೂ ಅಂಟಿಕೊಂಡಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲೂ ಜನ ಆ ಮಾತನ್ನು ಹೀಗೆಯೇ ಬಳಸುತ್ತಾರೆ. ಅದರ ಮೂಲ ಅರ್ಥ ಸನ್ಯಾಸಿನಿಯರು ವಾಸಿಸುವ ಮಠ ಎಂದು.

ಅಂಥ ಮಠದ ಅಂಗಳದಲ್ಲಿ ಬೆಳೆದ ಹೆಣ್ಣುಮಕ್ಕಳ ಶಾಲೆಯ ಒಳಬದುಕನ್ನು ಅರಿಯಬೇಕಾದರೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಇಂಗ್ಲಿಷ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಮುಂದೆ ಕಥೋಲಿಕರಾಗಿ ಸನ್ಯಾಸ ಹಿಡಿದ ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಎಂಬ ಸಂಸ್ಥೆಯನ್ನು ಕಟ್ಟಿದರು. 1870ರ ನವೆಂಬರಿನಲ್ಲಿ ಅದರ ಮೊದಲ ಸನ್ಯಾಸಿನಿಯರು ಮಂಗಳೂರಿಗೆ ಬಂದಿಳಿದರು. ಸೇಂಟ್ ಆನ್ಸ್ ಶಾಲೆ ಅವರಿಂದಲೇ ಬೆಳೆಯಿತು. 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜೂ ಹುಟ್ಟಿತು.

ಇಂಥ ಶಾಲೆಗಳಲ್ಲಿ ದಿನಚರಿಯೇ ಭಕ್ತಿಯ ಗಡಿಯಾರದಂತೆ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಗಂಟೆ ಹೊಡೆದಾಗ ಇದ್ದಲ್ಲೇ ನಿಂತು ದೇವದೂತನ ಸಂದೇಶದ ಜಪ, ಮೇ ತಿಂಗಳು ಮರಿಯಮ್ಮನವರಿಗೆ, ಅಕ್ಟೋಬರ್ ಜಪಸರಕ್ಕೆ, ಪ್ರತಿ ತಿಂಗಳ ಮೊದಲ ಶುಕ್ರವಾರ ಯೇಸುವಿನ ತಿರುಹೃದಯಕ್ಕೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಂಗಳೂರಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಕೂಡ್ರಿಸಿ ಹಾಡುವ ನಮ್ಮ ಕಡೆಯ ಹುಡುಗಿಯರಿಗೆ ಆ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗುಳ್ಳವ್ವನ ಆಟಕ್ಕೂ ಶಾಲೆಯ ಭಕ್ತಿಸಂಘಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸಂಘಕ್ಕೆ ನಿಯಮಾವಳಿ ಇದೆ, ಪದಾಧಿಕಾರಿಗಳಿದ್ದಾರೆ, ಲೆಕ್ಕಪತ್ರ ಇದೆ. ಕಾನ್ವೆಂಟಿನ ಬಗ್ಗೆ ಬರೆಯುವವರು ಶಿಸ್ತು ಮತ್ತು ಇಂಗ್ಲಿಷನ್ನು ಹೊಗಳಿ ಮುಗಿಸಿಬಿಡುವುದರಿಂದ ಈ ಅಂಶ ಹಿಂದೆ ಬಿದ್ದಿದೆ.

ಇವುಗಳಲ್ಲಿ ಹಳೆಯದು ಸೊಡಾಲಿಟಿ, ಅಂದರೆ ಮರಿಯಮ್ಮನವರ ಭಕ್ತಕೂಟ. 1563ರಲ್ಲಿ ರೋಮಿನ ಜೆಸುವಿಟ್ ಕಾಲೇಜಿನಲ್ಲಿ ಜಾನ್ ಲ್ಯೂನಿಸ್ ಎಂಬ ತರುಣ ಉಪಾಧ್ಯಾಯ ಇದನ್ನು ಗಂಡುಹುಡುಗರಿಗಾಗಿ ಆರಂಭಿಸಿದ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1751ರಲ್ಲಿ. ಸುಮಾರು ಇನ್ನೂರು ವರ್ಷ ಕಾಯಬೇಕಾಯಿತು! ಸೇರಬಯಸುವ ಹುಡುಗಿ ಮೊದಲು ಕೆಲವು ಕಾಲ ಉಮೇದುವಾರಳಾಗಿ ಇರಬೇಕು. ನಡತೆ ಒಪ್ಪಿಗೆಯಾದ ಮೇಲೆ ಪೀಠದ ಮುಂದೆ ಪ್ರತಿಜ್ಞೆ ಹೇಳಿ, ನೀಲಿ ಪಟ್ಟಿಯಲ್ಲಿ ಪೋಣಿಸಿದ ಪದಕವನ್ನು ಕೊರಳಿಗೆ ಧರಿಸುತ್ತಾಳೆ. ಅಧ್ಯಕ್ಷೆಯನ್ನು, ಕಾರ್ಯದರ್ಶಿಯನ್ನು ಸದಸ್ಯೆಯರೇ ಆರಿಸುವ ಪದ್ಧತಿ ಇತ್ತು.

ಇನ್ನೊಂದು ಮರಿಯಾ ಸೇನೆ. 1921ರಲ್ಲಿ ಡಬ್ಲಿನ್ನಿನಲ್ಲಿ ಫ್ರಾಂಕ್ ಡಫ್ ಎಂಬ ಸರ್ಕಾರಿ ನೌಕರ ಕಟ್ಟಿದ ಈ ಸಂಘಕ್ಕೆ ಹದಿನೆಂಟರೊಳಗಿನವರ ಕಿರಿಯ ಘಟಕಗಳೂ ಇವೆ. ಇದರ ವಾರದ ಸಭೆಯ ಕ್ರಮ ನೋಡಬೇಕು. ಮೇಜಿನ ಮೇಲೆ ಬಿಳಿ ಬಟ್ಟೆ, ಮರಿಯಮ್ಮನವರ ಮೂರ್ತಿ, ಎರಡು ಹೂದಾನಿ, ಎರಡು ಮೇಣದ ಬತ್ತಿ. ಜಪಸರ ಮುಗಿದ ಮೇಲೆ ಕಾರ್ಯದರ್ಶಿ ಹಿಂದಿನ ಸಭೆಯ ನಡಾವಳಿಯನ್ನೂ ಓದುತ್ತಾಳೆ. ಆಮೇಲೆ ಒಬ್ಬೊಬ್ಬಳೂ ತನಗೆ ವಹಿಸಿದ ಕೆಲಸದ ವರದಿ ಕೊಡಬೇಕು: ಯಾವ ರೋಗಿಯನ್ನು ಕಂಡೆ, ಯಾವ ಮನೆಗೆ ಹೋದೆ ಎಂದು. ಹೋಗುವಾಗ ಜೋಡಿಯಾಗಿಯೇ ಹೋಗಬೇಕು. ಹಣ ಸಹಾಯ ಮಾಡುವಂತಿಲ್ಲ. ಕೊಡಬೇಕಾದದ್ದು ತಮ್ಮ ಸಮಯವನ್ನು, ಸಾಂತ್ವನವನ್ನು. ಸಂಘದ ಖರ್ಚಿಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಅದರೊಳಗೆ ಕೈ ಹಾಕಲೇಬೇಕು, ಯಾರು ಎಷ್ಟು ಹಾಕಿದರು ಎಂಬುದು ಯಾರಿಗೂ ಗೊತ್ತಾಗದು. ಬಡವರ ಮನೆಯ ಹುಡುಗಿಯ ಮಾನ ಕಾಯಲು ಇದಕ್ಕಿಂತ ಸರಳ ಉಪಾಯ ಸಿಕ್ಕೀತೇ?

ಹೆಣ್ಣುಮಗಳು ನಾಲ್ಕು ಜನರ ಎದುರು ಬಾಯಿ ಬಿಡುವುದೇ ತಪ್ಪೆನಿಸಿದ್ದ ಕಾಲದಲ್ಲಿ ಹದಿನಾಲ್ಕರ ಹುಡುಗಿ ನಡಾವಳಿ ಬರೆದಳು, ಲೆಕ್ಕ ಒಪ್ಪಿಸಿದಳು, ಸಭೆ ನಡೆಸಿದಳು. ಭಕ್ತಿಯ ನೆಪದಲ್ಲಿ ಕಲಿತಳು ಎಂದರೆ ಅನ್ಯಾಯವಾದೀತು. ಭಕ್ತಿ ಅವಳಿಗೆ ನೆಪವಾಗಿರಲಿಲ್ಲ. ಭಕ್ತೆಯರ ಕೂಟ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದಕ್ಕೆ ಮಂಗಳೂರಿನಲ್ಲೇ ಉದಾಹರಣೆಯಿದೆ. 1887ರಲ್ಲಿ ಜರ್ಮನ್ ಜೆಸುವಿಟ್ ಅರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಅಲ್ಲಿಯ ತರುಣಿಯರಿಂದ ಆರಂಭವಾದ ಬಳಗವೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸನ್ಯಾಸಿನಿಯರ ಸಂಸ್ಥೆಯಾಯಿತು. ನಮ್ಮ ಊರುಗಳ ಅಕ್ಕನ ಬಳಗವನ್ನು ಬಲ್ಲವರಿಗೆ ಈ ಬೆಳವಣಿಗೆ ಅಚ್ಚರಿಯೆನಿಸಲಾರದು.

ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ತರಗತಿಯಲ್ಲಿ ಹಿಂದೂ, ಮುಸ್ಲಿಂ, ಜೈನ ಹುಡುಗಿಯರೂ ಕೂಡುತ್ತಾರೆ. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ನೀಲಿ ಪಟ್ಟಿ ಪಕ್ಕದ ಗೆಳತಿಯ ಕೊರಳಲ್ಲಿದೆ, ತನಗಿಲ್ಲ. ಆ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. 28ನೆಯ ವಿಧಿಯೋ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ, ಪೂಜೆಗೆ ಕೂಡ್ರಿಸಬಾರದು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಹಿಡಿದು ಜಗಳಾಡುವವರು ಎರಡೂ ಕಡೆ ಇದ್ದಾರೆ.

1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಗಾಳಿ ಬದಲಾಯಿತು. ಬಲಿಪೂಜೆಯಲ್ಲಿ ಲ್ಯಾಟಿನ್ ಇದ್ದ ಜಾಗಕ್ಕೆ ಜನರ ನುಡಿ ಬಂತು. ಅರ್ಥ ತಿಳಿಯದೆ ಒಪ್ಪಿಸುತ್ತಿದ್ದ ಉತ್ತರಗಳನ್ನು ಹುಡುಗಿ ತನ್ನ ಮಾತಿನಲ್ಲೇ ಹೇಳತೊಡಗಿದಳು. 1967ರಲ್ಲಿ ಸೊಡಾಲಿಟಿಯ ಜಾಗತಿಕ ಒಕ್ಕೂಟ ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಂಡಿತು. ಬೆಲ್ಜಿಯಂನ ಕಾರ್ಮಿಕ ತರುಣರ ನಡುವೆ ಜೋಸೆಫ್ ಕಾರ್ಡಿನ್ ರೂಪಿಸಿದ 'ನೋಡು, ವಿವೇಚಿಸು, ಮಾಡು' ಎಂಬ ಕ್ರಮ ವಿದ್ಯಾರ್ಥಿ ಸಂಘಗಳಿಗೂ ಬಂತು. ಅದರಂತೆ ನಡೆಯುವ ಸಭೆಯಲ್ಲಿ ಜಪಸರದ ಎಣಿಕೆಗಿಂತ ಕೇರಿಯ ನೀರಿನ ತೊಂದರೆ, ಶಾಲೆ ಬಿಟ್ಟ ಗೆಳತಿಯ ವಿಚಾರ ಮುಂದೆ ಬರಬಹುದು.

ಇಷ್ಟಾದರೂ ಸಭೆ ನಡೆಸುವ ಹುಡುಗಿಗೆ ಪೀಠದ ಪಕ್ಕ ನಿಂತು ಗುರುಗಳಿಗೆ ಪೂಜಾಸೇವೆ ಮಾಡುವ ಅವಕಾಶ ಇರಲಿಲ್ಲ. ಅದು ಅವಳ ತಮ್ಮನ ಹಕ್ಕು. ಅದಕ್ಕೆ ರೋಮ್ ಅನುಮತಿ ನೀಡಿದ್ದು 1994ರಲ್ಲಿ, ಅದೂ ಆಯಾ ಬಿಷಪ್ಪರ ಇಷ್ಟಕ್ಕೆ ಬಿಟ್ಟು. ವಾಚಕಿಯಾಗಿ, ಪೀಠಸೇವಕಿಯಾಗಿ ವಿಧಿವತ್ತಾಗಿ ನೇಮಕಗೊಳ್ಳುವ ಹಾದಿ 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಂದ ತೆರೆಯಿತು. ಗುರುಪಟ್ಟ ಇಂದಿಗೂ ಗಂಡಸರಿಗೆ ಮಾತ್ರ.