ಅವರ ಕೈಯಿಂದಲೇ ಹಬ್ಬವಾಗಲಿ
(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಸಂತಸದ ವೇಳೆಯಲ್ಲಿ, ವೃದ್ಧಾಶ್ರಮಗಳಲ್ಲಿ ವಾಸಿಸುವ ಹಿರಿಯರ ಹಬ್ಬಹರಿದಿನಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಮಗೆ ಅವಕಾಶ ದೊರೆತಿದೆ. ಕಟ್ಟಡಕ್ಕೆ ವಯಸ್ಸಾದಾಗ ಸುಣ್ಣ ಬಳಿದು, ತೋರಣ ಕಟ್ಟಿ ಸಂಭ್ರಮಿಸುವ ನಾವು, ಮನುಷ್ಯರಿಗೆ ವಯಸ್ಸಾದಾಗ ಏನು ಮಾಡುತ್ತಿದ್ದೇವೆಂದು ಕೇಳಿಕೊಳ್ಳುವುದು ಈ ದಿನ ಉಚಿತವೆಂದು ಭಾವಿಸುತ್ತೇವೆ.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ಸಮಯದಲ್ಲಿ ನಾವು ಹತ್ತಾರು ಮಂದಿ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಕೇಕು, ಕಂಬಳಿ, ಹಣ್ಣುಗಳನ್ನು ಕೊಂಡೊಯ್ದಿದ್ದೆವು. ಧ್ವನಿವರ್ಧಕದಲ್ಲಿ ಹಾಡಿದೆವು, ಭಾಷಣ ಮಾಡಿದೆವು, ಫೋಟೋ ತೆಗೆಸಿಕೊಂಡೆವು. ಒಂದು ತಾಸಿನಲ್ಲಿ ಎಲ್ಲವೂ ಮುಗಿಯಿತು. ಹೊರಡುವಾಗ ಸಿಂದಗಿಯ ಕಡೆಯ ವೃದ್ಧೆಯೊಬ್ಬರು ನಮ್ಮಲ್ಲೊಬ್ಬ ತರುಣನ ಕೈಹಿಡಿದು, "ಹಬ್ಬ ಆತೇನ ತಮ್ಮಾ? ನಾವೇನೂ ಮಾಡಲೇ ಇಲ್ಲಲಾ!" ಎಂದರು. ಅದರಲ್ಲಿ ದೂರಿನ ದನಿಯಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಐವತ್ತು ವರ್ಷಗಳ ಕಾಲ ಒಂದು ಮನೆಯ ಹಬ್ಬಗಳನ್ನೆಲ್ಲ ತಮ್ಮ ಕೈಯಿಂದಲೇ ಮಾಡಿದ್ದ ಆ ತಾಯಿಗೆ, ಕುರ್ಚಿಯ ಮೇಲೆ ಕುಳಿತು ನೋಡಿದ್ದು ಹಬ್ಬವೆಂದು ತೋರಲೇ ಇಲ್ಲ. ಈ ಭಾಷಣಕ್ಕೆ ಆ ಮಾತೇ ಮೂಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲವನ್ನು ನಾವೆಲ್ಲರೂ ಬಲ್ಲೆವು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಆಲಮಟ್ಟಿಯ ಅಣೆಕಟ್ಟು ನಮ್ಮಲ್ಲಿಯೇ ಇದ್ದರೂ ಮಳೆಯನ್ನೇ ನಂಬಿ ಬಿತ್ತುವ ಹೊಲಗಳು ಇಂದಿಗೂ ಬಹಳ. ಬರ ಬಿದ್ದ ವರ್ಷ ಮಕ್ಕಳು ಗೋವೆಗೆ, ಮುಂಬಯಿಗೆ, ಪುಣೆಗೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು. ಆದ್ದರಿಂದ ವೃದ್ಧಾಶ್ರಮ ಸೇರಿದವರ ಮಕ್ಕಳೆಲ್ಲರೂ ಕಲ್ಲೆದೆಯವರೆಂದು ನಾವು ತೀರ್ಪು ಕೊಡಲಾರೆವು. ಎಷ್ಟೋ ಕಡೆ ಹೊಟ್ಟೆಯ ಪಾಡೇ ತಾಯಿಯನ್ನೂ ಮಗನನ್ನೂ ಅಗಲಿಸಿದೆ.

ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ಪ್ರತಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ಕೊಡುವಂಥ, ವೃದ್ಧಾಶ್ರಮಗಳನ್ನು ರಾಜ್ಯಗಳು ಸ್ಥಾಪಿಸಬಹುದೆಂದು ಅದರ 19ನೆಯ ಪ್ರಕರಣವು ಹೇಳುತ್ತದೆ. ಅಲ್ಲಿನ ನಿವಾಸಿಗಳ ವೈದ್ಯಕೀಯ ಆರೈಕೆಯ ಜೊತೆಯಲ್ಲಿಯೇ ಅವರ ಮನರಂಜನೆಯನ್ನೂ ಆ ಪ್ರಕರಣ ಹೆಸರಿಸಿರುವುದು ಗಮನಾರ್ಹ. ಮುಪ್ಪಿಗೆ ಔಷಧವಷ್ಟೇ ಸಾಲದು, ಸಂತಸವೂ ಬೇಕೆಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಆದರೆ ಆ ಸಂತಸ ಯಾವ ಬಗೆಯದಾಗಿರಬೇಕು?

ನಮ್ಮ ಸೀಮೆಯ ಹಬ್ಬಗಳೇ ಇದಕ್ಕೆ ಉತ್ತರ ಕೊಡುತ್ತವೆ. ವಿಜಯದಶಮಿಯ ಸಂಜೆ ಕಿರಿಯರು ಬನ್ನಿಯ ಎಲೆಗಳನ್ನು ಹಿಡಿದು ಹಿರಿಯರ ಬಳಿಗೆ ಹೋಗಿ, ಕೈಗಿತ್ತು, ಕಾಲುಮುಟ್ಟಿ ನಮಸ್ಕರಿಸುತ್ತಾರೆ. ಸಂಕ್ರಮಣದಲ್ಲಿ ಕುಸುರೆಳ್ಳು ಕೊಟ್ಟು ಆಶೀರ್ವಾದ ಬೇಡುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತುಗಳನ್ನು ತಿದ್ದುವ ಕೈಚಳಕ ಅಜ್ಜನಿಂದ ಮೊಮ್ಮಗನಿಗೆ ಬರುತ್ತದೆ. ಪಂಚಮಿಯ ಉಂಡೆಗಳ ಪಾಕ ಯಾವಾಗ ಹದಕ್ಕೆ ಬಂತೆಂದು ಹೇಳುವವಳು ಅಜ್ಜಿ. ಈ ಹಬ್ಬಗಳಲ್ಲಿ ಹಿರಿಯರು ಅತಿಥಿಗಳಲ್ಲ, ಅವರಿಲ್ಲದೆ ಹಬ್ಬವೇ ಸಾಗದು. ವೃದ್ಧಾಶ್ರಮದ ಬಾಗಿಲನ್ನು ದಾಟಿದೊಡನೆ ಈ ಸ್ಥಾನವೇ ಅವರ ಕೈಬಿಟ್ಟುಹೋಗುತ್ತದೆ.

ಇದನ್ನರಿತು ನಾವು ಅದೇ ವೃದ್ಧಾಶ್ರಮಕ್ಕೆ ಮುಂದಿನ ಎಳ್ಳಮಾವಾಸ್ಯೆಗೆ ಬೇರೊಂದು ರೀತಿಯಲ್ಲಿ ಹೋದೆವು. ಸಜ್ಜೆಯ ಹಿಟ್ಟು, ಎಳ್ಳು, ಬೆಲ್ಲ, ಬಜ್ಜಿಪಲ್ಲೆಗೆ ಬೇಕಾದ ಕಾಳು ಸೊಪ್ಪುಗಳನ್ನು ಒಯ್ದು ತಾಯಂದಿರ ಮುಂದಿಟ್ಟು, "ಹೇಗೆ ಮಾಡಬೇಕು, ಹೇಳಿಕೊಡಿರಿ" ಎಂದೆವು. ಹಿಂದೆ ಆಶ್ಚರ್ಯಪಟ್ಟಿದ್ದ ಅದೇ ತಾಯಿ, ನಮ್ಮ ಹೆಣ್ಣುಮಕ್ಕಳು ನಾದಿದ ಹಿಟ್ಟು ಗಟ್ಟಿಯಾಯಿತೆಂದು ಗದರಿಸಿದರು! ಎದ್ದು ನಿಲ್ಲಲಾಗದವರು ಕುಳಿತಲ್ಲಿಯೇ ಕಡುಬಿಗೆ ಎಳ್ಳು ಹಚ್ಚಿದರು. ಮಧ್ಯಾಹ್ನ, ನಡೆಯಬಲ್ಲವರನ್ನು ಕೈಹಿಡಿದು ನೆರೆಯ ಜೋಳದ ಹೊಲದ ಬದುವಿನವರೆಗೆ ಕರೆದೊಯ್ದೆವು. ತಿಂಗಳುಗಟ್ಟಲೆ ಯಾರೊಡನೆಯೂ ಮಾತನಾಡದಿದ್ದ ಒಬ್ಬ ವೃದ್ಧ ರೈತರು, ಚರಗದ ಬುಟ್ಟಿಯನ್ನು ತಾವೇ ಕೇಳಿ ಪಡೆದು, ಪೈರಿನ ಮೇಲೆ ಚರಗ ಚೆಲ್ಲುತ್ತ ದನಿಯೆತ್ತಿ ಕೂಗಿದರು. ಆ ದನಿ ಅವರಲ್ಲಿ ಇನ್ನೂ ಇದೆಯೆಂಬುದು ನಮಗಾರಿಗೂ ತಿಳಿದಿರಲಿಲ್ಲ.

ಇನ್ನು ಹಾಡಿನ ಮಾತು. ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ವಿದ್ವಾಂಸರು ಮೆಚ್ಚಿದ ಆ ಸಂಪತ್ತು, ಓದುಬರಹ ಬಾರದ ತಾಯಂದಿರ ಬಾಯಲ್ಲಿತ್ತು. ಅಂಥ ತಾಯಂದಿರು ಇಂದು ವೃದ್ಧಾಶ್ರಮಗಳ ಮಂಚಗಳ ಮೇಲೆ ಸುಮ್ಮನೆ ಮಲಗಿಲ್ಲವೆಂದು ಯಾರು ಹೇಳಬಲ್ಲರು? ಬೀಸುವಾಗ ಹಾಡುತ್ತಿದ್ದುದನ್ನು, ಮೊಹರಮ್ಮಿನಲ್ಲಿ ಹೇಳುತ್ತಿದ್ದ ರಿವಾಯತ ಪದಗಳನ್ನು ನಮ್ಮ ಮಕ್ಕಳು ಅವರ ಬಳಿ ಕುಳಿತು ಕಲಿಯಲಿ. ನಾವು ಅವರಿಗಾಗಿ ಹಾಡುವುದಕ್ಕಿಂತ ಅವರು ನಮಗೆ ಕಲಿಸುವುದು ಮೇಲು. ಆಶ್ರಮದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಅವರವರ ಹಬ್ಬ ಅವರವರಿಗೆ ದೊರೆಯಬೇಕು. ಗೋದಲಿಯನ್ನು ಕಟ್ಟುವಾಗ ಎಲ್ಲರನ್ನೂ ಕರೆಯುವ ನಾವು, ರಂಜಾನಿನ ದಿನ ಸುರಕುಂಬಾ ಕುಡಿಯಲೂ ಹೋಗೋಣ.

ಕೆಲವು ಸಣ್ಣ ಸಂಗತಿಗಳಿವೆ. ಪಾಲಿಸದಿದ್ದರೆ ದೊಡ್ಡ ನೋವಾಗುತ್ತದೆ. ಕಿವಿ ಮಂದವಾದವರಿಗೆ ಧ್ವನಿವರ್ಧಕ ಹಿಂಸೆಯೇ ಹೊರತು ಸಹಾಯವಲ್ಲ. ನಾಲ್ಕೈದು ಮಂದಿಯ ಗುಂಪಿನಲ್ಲಿ ಎದುರು ಕುಳಿತು ಮಾತನಾಡಬೇಕು. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು. ಸಕ್ಕರೆ ಕಾಯಿಲೆಯವರಿಗೆ ಸಿಹಿಯ ಅಳತೆಯನ್ನು ಮೊದಲೇ ಕೇಳಿ ತಿಳಿಯಬೇಕು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಕಾರ್ಯಕ್ರಮವನ್ನು ಮುಂಜಾನೆಯೇ ಮುಗಿಸಬೇಕು. ಮರೆವಿನ ಕಾಯಿಲೆಯುಳ್ಳವರನ್ನು "ನಾನು ಯಾರು, ಹೇಳಿ ನೋಡೋಣ" ಎಂದು ಪರೀಕ್ಷಿಸದೆ, ನಾವೇ ಹೆಸರು ಹೇಳಿಕೊಳ್ಳಬೇಕು. ಭಾಗವಹಿಸಲು ಮನಸ್ಸಿಲ್ಲದವರನ್ನು ಬಲವಂತ ಮಾಡಬಾರದು. ಅನುಮತಿಯಿಲ್ಲದೆ ಫೋಟೋ ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಬ್ಬದ ಮರುದಿನ ಒಬ್ಬರಾದರೂ ಹೋಗಿ ಬರಬೇಕು. ಜನ ತುಂಬಿ ಬರಿದಾದ ಅಂಗಳದಲ್ಲಿ ಆ ಮರುದಿನವೇ ಅತ್ಯಂತ ದೀರ್ಘವಾದುದು.

1839ರ ಚಳಿಗಾಲದಲ್ಲಿ ಫ್ರಾನ್ಸ್ ದೇಶದ ಜೀನ್ ಜುಗಾನ್ ಎಂಬ ಬಡ ಮಹಿಳೆ, ಕಣ್ಣು ಕಾಣದ ವೃದ್ಧೆಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ ಧರ್ಮಭಗಿನಿಯರ ಸಭೆ ನಮ್ಮ ಬೆಂಗಳೂರಿನಲ್ಲಿಯೂ ವೃದ್ಧರ ಸೇವೆ ಮಾಡುತ್ತಿದೆ. 2009ರಲ್ಲಿ ಆಕೆ ಸಂತಳೆಂದು ಘೋಷಿತಳಾದಳು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಬಾಳುವ ನಮಗೆ ಇದು ಅಪರಿಚಿತ ಮಾತೇನಲ್ಲ. ನೀಡುವವನು ತಾನು ನೀಡುವವನೆಂಬ ಗರ್ವವನ್ನು ಬಿಡಬೇಕೆಂಬುದೇ ಅಲ್ಲವೇ ದಾಸೋಹದ ಅರ್ಥ?

38 ವರ್ಷಗಳಿಂದ ಕಾಯಿಲೆಯಿಂದ ನರಳುತ್ತಿದ್ದು, ಬೆತ್ಸಥಾ ಕೊಳದ ದಂಡೆಯಲ್ಲಿ ಮಲಗಿದ್ದ ರೋಗಿ ಯೇಸುಸ್ವಾಮಿಯ ಮುಂದೆ ತೋಡಿಕೊಂಡ ದುಃಖವನ್ನು ನೆನೆಯಿರಿ. ಕೊಳವಿತ್ತು, ನೀರಿತ್ತು, ಕೈಹಿಡಿದು ಇಳಿಸುವ ಒಬ್ಬ ಮನುಷ್ಯನಿರಲಿಲ್ಲ. ವೃದ್ಧಾಶ್ರಮದಲ್ಲಿ ಊಟವಿದೆ, ಮಂಚವಿದೆ, ಮಾತ್ರೆಯಿದೆ. ಅಲ್ಲಿಯೂ ಹಲವರಿಗಿರುವ ಕೊರತೆ ಅದೇ.

ಆದ್ದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಬಿನ್ನಹ ಇಷ್ಟೇ. ಧರ್ಮಕೇಂದ್ರದ ಒಂದೊಂದು ವಲಯವು ಒಂದೊಂದು ತಿಂಗಳ ಹೊಣೆಯನ್ನು ಹೊರಲಿ. ಕ್ರಿಸ್ತಜಯಂತಿಯಲ್ಲಿ ಎಲ್ಲರೂ ನುಗ್ಗಿ, ಉಳಿದ ಹನ್ನೊಂದು ತಿಂಗಳು ಮರೆಯುವುದು ಬೇಡ. 2021ರಲ್ಲಿ ಜಗದ್ಗುರು ಫ್ರಾನ್ಸಿಸರು ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಪಂಚಮಿಯ ದಿನಗಳೂ ಅದರ ಆಸುಪಾಸಿನಲ್ಲಿಯೇ ಇರುತ್ತವೆ. ನಮ್ಮ ಸರದಿಯನ್ನು ಅಲ್ಲಿಂದಲೇ ತೊಡಗೋಣ. ನವೆಂಬರ್ 2ರಂದು ಮೃತರನ್ನು ಸ್ಮರಿಸುವಾಗ, ಆಶ್ರಮದಲ್ಲಿ ಆ ವರ್ಷ ತೀರಿಕೊಂಡವರ ಹೆಸರುಗಳನ್ನೂ ಓದೋಣ. ಅವರ ಹೆಸರನ್ನು ಓದುವವರು ಬೇರೆ ಯಾರೂ ಇಲ್ಲದಿರಬಹುದು.

ಹೋಗುವಾಗ ಬರಿಗೈಯಲ್ಲಿ ಹೋದರೂ ಚಿಂತೆಯಿಲ್ಲ. ಅವರ ಕೈಗೆ ಮಾಡಲು ಏನಾದರೊಂದು ಕೆಲಸವನ್ನು ಕೊಟ್ಟು, ಅದು ಮುಗಿಯುವವರೆಗೆ ಬಳಿಯಲ್ಲಿ ಕುಳಿತುಕೊಳ್ಳೋಣ. ದೇವರು ನಮ್ಮೆಲ್ಲರನ್ನೂ, ನಮ್ಮ ಹಿರಿಯರನ್ನೂ ಹರಸಲಿ.